ಮಾಂಡಣಿಯ ಕೆಳಗಿನ ನಿದ್ದೆ

ಯಾರ ಮನೆಗೆ ಹೋದರೂ ನಾನು ಕೂರುವ ಜಾಗವನ್ನು ಮೊದಲು ನೋಡುವುದಿಲ್ಲ, ಅದರ ಮೇಲೆ ಏನಿದೆ ಎಂದು ನೋಡುತ್ತೇನೆ. ಹಲಗೆ ಇದೆಯೇ, ಹಲಗೆಯ ಮೇಲೆ ಎಂಥ ಸಾಮಾನು ಇದೆ, ಅದು ವಾಲಿರುವುದು ಗೋಡೆಯ ಕಡೆಗೋ ನನ್ನ ತಲೆಯ ಕಡೆಗೋ ಎಂದು ಅಂದಾಜು ಮಾಡಿಕೊಂಡ ಮೇಲೆಯೇ "ಬನ್ನಿ, ಕೂತ್ಕಳಿ" ಎಂದವರ ಮಾತು ನನ್ನ ಕಿವಿಗೆ ಬೀಳುತ್ತದೆ. ಹೊನ್ನಾವರದಲ್ಲಿ ಒಬ್ಬರಂತೂ, "ಅಕ್ಕೋರು ನಮ್ಮನೆ ಜಂತಿ ಎಣಿಸೂಕೆ ಬಂದದ್ದೋ, ಚಾ ಕುಡಿಯೂಕೆ ಬಂದದ್ದೋ?" ಎಂದು ಕೇಳಿಯೇಬಿಟ್ಟರು. ಕನ್ನಡ ಶಾಲೆಯಲ್ಲಿ ಕಲಿಸುವವಳಾದ್ದರಿಂದ ಊರಿಗೆಲ್ಲ ನಾನು ಅಕ್ಕೋರು. ಅವರ ಮಾತಿಗೆ ನಗಬೇಕಿತ್ತು. ಆದರೆ ಈ ಒಂದು ವಿಷಯದಲ್ಲಿ ನನ್ನ ನಗು ಸವೆದುಹೋಗಿದೆ. ವರ್ಷಗಟ್ಟಲೆ ಒಂದೇ ಹಲಗೆಯನ್ನೂ ಅದರ ಕೆಳಗೆ ಮಲಗುವ ಒಂದೇ ತಲೆಯನ್ನೂ ಕಾದು ಕೂತವಳು ನಾನು. ಆ ತಲೆ ನನ್ನ ಗಂಡನದು.

ಹಲಗೆ ಮಾತ್ರ ನನ್ನ ತವರಿನದು. ಕುಮಟೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ಮಾಂಡಣಿ ಇತ್ತು. ಪಾತ್ರೆ ಜೋಡಿಸಿಡುವ ಮರದ ಚೌಕಟ್ಟಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮುಂಬಯಿ ಸರಕಾರದ ಕಾಲದಲ್ಲಿ ಎಷ್ಟೋ ಮರಾಠಿ ಮಾತುಗಳು ಬಂದು ನಮ್ಮ ಅಡುಗೆಮನೆಯಲ್ಲೇ ಉಳಿದುಕೊಂಡವು, ಅವುಗಳಲ್ಲಿ ಇದೂ ಒಂದು. ನಾಲ್ಕು ಹಲಸಿನ ಕಾಲು, ಮೊಣಕಾಲೆತ್ತರಕ್ಕೆ ಒಂದು ಮಾವಿನ ಹಲಗೆ, ಎದೆಯೆತ್ತರಕ್ಕೆ ಇನ್ನೊಂದು. ಇರುವೆ ಹತ್ತಬಾರದೆಂದು ನನ್ನ ಅಬ್ಬೆ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸಿದ್ದಳು. ಮೇಲೆ ಹಿತ್ತಾಳೆಯ ತಪ್ಪಲೆ, ತಂಬಿಗೆ, ಹರಿವಾಣ. ಕೆಳಗೆ ತಾಮ್ರದ ಹಂಡೆ, ಉಪ್ಪಿನಕಾಯಿಯ ಭರಣಿ. ಭಾರವೆಲ್ಲ ಕೆಳಗೆ, ಹಗುರವೆಲ್ಲ ಮೇಲೆ. ಹೀಗೇಕೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಕೇಳಿದ್ದರೆ, ಭರಣಿ ಎತ್ತುವವರ ಸೊಂಟ ನೋಡು ಎಂದು ಹೇಳುತ್ತಿದ್ದಳೋ ಏನೋ. ನನ್ನ ಮದುವೆಯಲ್ಲಿ ಪಾತ್ರೆಗಳ ಜೊತೆ ಮಾಂಡಣಿಯೂ ಹೊನ್ನಾವರಕ್ಕೆ ಬಂತು.

ನಮ್ಮ ಮನೆಯ ಪಕ್ಕದಲ್ಲಿ ಹಿಂದೆ ಎತ್ತಿನಗಾಡಿ ನಿಲ್ಲಿಸುತ್ತಿದ್ದ ಒಂದು ಮಾಡು ಇದೆ. ಗಾಡಿ ಹೋದ ಮೇಲೆ ಇವರು ಅದನ್ನು ಗ್ಯಾರೇಜು ಮಾಡಿದರು. ಇವರು ಎಂದರೆ ನನ್ನ ಗಂಡ; ಹೆಸರು ಗಣಪು, ಊರವರ ಬಾಯಲ್ಲಿ ಗಣಪು ಮೇಸ್ತ್ರಿ. ಹುಟ್ಟಿದ್ದು ಮಂಕಿಯಲ್ಲಿ, ಕೆಲಸ ಕಲಿತದ್ದು ಮುಂಬಯಿಯ ಗೋದಿಯ, ಎಂದರೆ ಹಡಗುಕಟ್ಟೆಯ, ಬಳಿ ಯಾವುದೋ ಕಾರಖಾನೆಯಲ್ಲಿ. ನಮ್ಮ ಹೊಳೆಗೆ ಇನ್ನೂ ಸೇತುವೆ ಇಲ್ಲ. ಭಟ್ಕಳದ ಕಡೆ ಹೋಗುವ ಲಾರಿಗಳು ಹೊಳೆ ದಾಟಿಸುವ ತಾರಿಯ ಸರದಿಗಾಗಿ ದಂಡೆಯಲ್ಲಿ ಕಾಯುತ್ತವೆ, ಕಾಯುವ ಲಾರಿಗೆ ತನ್ನ ಕಾಯಿಲೆಗಳೆಲ್ಲ ನೆನಪಾಗುತ್ತವೆ. ಇವರ ಅನ್ನ ಅಲ್ಲಿತ್ತು. ಆಮೇಲೆ ಮೀನಿನ ದೋಣಿಗಳಿಗೂ ಒಂದೊಂದಾಗಿ ಡೀಸೆಲ್ ಎಂಜಿನ್ನು ಬಂದಾಗ ಹೊಳೆಯಾಚೆಯ ಕಾಸರಕೋಡಿನಿಂದಲೂ ಕೆಲಸ ಬರತೊಡಗಿತು.

ಒಂದು ಮಳೆಗಾಲ ಗ್ಯಾರೇಜಿನ ನೆಲಕ್ಕೆ ನೀರು ನುಗ್ಗಿತು. ಇವರು ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ಆ ಮಾಂಡಣಿ ಎರಡು ದಿನಕ್ಕೆ ಕೊಡು ಮಾರಾಯ್ತಿ. ಸಾಮಾನು ಎಲ್ಲಾ ತುಕ್ಕು ಹಿಡೀತಿದ್ದು" ಎಂದರು. ಕೊಟ್ಟೆ. ಈ ಎರಡು ದಿನ ಎನ್ನುವುದು ನಮ್ಮ ಕಡೆಯ ಗಂಡಸರ ಒಂದು ವಿಶೇಷ ಕಾಲಮಾನ. ಅದಕ್ಕೆ ಆರಂಭ ಇರುತ್ತದೆ, ಅಂತ್ಯ ಇರುವುದಿಲ್ಲ. ಮಳೆಗಾಲ ಮುಗಿಯಿತು, ಚಳಿ ಮುಗಿಯಿತು, ನನ್ನ ಹಿತ್ತಾಳೆ ಪಾತ್ರೆಗಳು ನೆಲದ ಮೇಲೆ ಮಗುಚಿಕೊಂಡೇ ಇದ್ದವು. ಮಾಂಡಣಿಯ ಮೇಲೆ ಗೇರ್‌ಬಾಕ್ಸು ಕೂತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಮನುಷ್ಯರಿಗಷ್ಟೇ ಅಲ್ಲ, ಪೀಠೋಪಕರಣಕ್ಕೂ ಹೊಂದುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಅಡುಗೆಮನೆಯ ಹಲಗೆಗೂ ಗ್ಯಾರೇಜಿನ ಹಲಗೆಗೂ ಬಹಳ ಅಂತರವಿದೆ. ಅಡುಗೆಮನೆಯ ಹಲಗೆ ಟೊಳ್ಳು ಸಾಮಾನನ್ನು ಹೊರುವಂಥದು. ತಪ್ಪಲೆ ಎಷ್ಟು ದೊಡ್ಡದಿದ್ದರೂ ಅದರೊಳಗೆ ಇರುವುದು ಗಾಳಿ. ಗ್ಯಾರೇಜಿನ ಸಾಮಾನು ಮುಷ್ಟಿಯಷ್ಟಿದ್ದರೂ ಒಳಗೆಲ್ಲ ಕಬ್ಬಿಣ. ಅದೂ ಅಲ್ಲದೆ ನೀರಿನ ಬಟ್ಟಲಲ್ಲಿ ವರ್ಷಗಳ ಕಾಲ ನಿಂತು ನಿಂತು ಆ ಮಾಂಡಣಿಯ ಪಾದಗಳು ಮೆದುವಾಗಿದ್ದವು. ಉಗುರು ಊರಿದರೆ ಗುರುತು ಬೀಳುತ್ತಿತ್ತು. ಇರುವೆಯಿಂದ ಸಕ್ಕರೆಯನ್ನು ಕಾಯುವ ಉಪಾಯ ಮುಂದೆ ನನ್ನ ಗಂಡನ ತಲೆಯವರೆಗೆ ಬರುತ್ತದೆಂದು ಪಾಪ ಅಬ್ಬೆಗೇನು ಗೊತ್ತು.

ಮಲಗುವ ವಿಷಯ ಇನ್ನೂ ಹೇಳಲಿಲ್ಲ. ಗ್ಯಾರೇಜಿಗೆ ಎರಡು ಬಾಗಿಲು. ಮಧ್ಯಾಹ್ನದ ಹೊತ್ತು ಹೊಳೆಯ ಕಡೆಯ ಗಾಳಿ ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತದೆ. ಆ ಗಾಳಿಯ ದಾರಿಯಲ್ಲಿ ಸರಿಯಾಗಿ ಮಾಂಡಣಿ ನಿಂತಿತ್ತು. ಇವರು ಒಂದು ದಿನ ಅದರ ಕೆಳಗಿನ ಹಲಗೆಯನ್ನು ಕಿತ್ತು ತೆಗೆದರು. ಆ ಜಾಗದಲ್ಲಿ ಚಾಪೆ ಹಾಸಿ, ತಲೆಯನ್ನು ಮಾಂಡಣಿಯ ಒಳಗೂ ಕಾಲನ್ನು ಹೊರಗೂ ಇಟ್ಟು, ಊಟವಾದ ಮೇಲೆ ಮಲಗುವುದು ರೂಢಿಯಾಯಿತು. ಕೆಳಗಿನ ಹಲಗೆ ಹೋದ ಮೇಲೆ ನಾಲ್ಕು ಕಾಲುಗಳಿಗೆ ಒಂದನ್ನೊಂದು ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಸಾಮಾನೆಲ್ಲ ಮೇಲಿನ ಒಂದೇ ಹಲಗೆಗೆ ಏರಿತು. ಅಂದಿನಿಂದ ನನ್ನ ಮಧ್ಯಾಹ್ನದ ನಿದ್ದೆ ಹೋಯಿತು, ಇವರದು ಗಾಢವಾಯಿತು.

ಕೆಳಗೆ ಇಡಿ, ಭಾರವನ್ನು ನೆಲದ ಮೇಲೆ ಇಡಿ ಎಂದು ಹೇಳಿದರೆ ಇವರ ಉತ್ತರ ಒಂದೇ. "ಕಬ್ಬಿಣ ಕಾಲಿಗೆ ತಾಗೂದಿಲ್ವಾ? ಅನ್ನ ಕೊಡೂ ಸಾಮಾನು. ನೆಲದಲ್ಲಿ ಬಿದ್ಕಂಡಿದ್ರೆ ನಾಳೆ ಅದೇ ನಮ್ಮನ್ನ ನೆಲಕ್ಕೆ ಹಾಕ್ತದೆ." ಮುಂಬಯಿಯ ಗೋದಿಯಲ್ಲಿ ಕಬ್ಬಿಣ ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತಂತೆ. ದಾಟಿಕೊಂಡು, ಒದ್ದುಕೊಂಡು ಓಡಾಡುವವರನ್ನು ನೋಡಿ ಇವರಿಗೆ ಕಸಿವಿಸಿಯಾಗುತ್ತಿತ್ತಂತೆ. ನನ್ನದೇ ಜಾಗ ಎಂದಾದಾಗ ಒಂದು ಮೊಳೆಯನ್ನೂ ನೆಲದಲ್ಲಿ ಇಡುವುದಿಲ್ಲ ಎಂದು ಅಲ್ಲಿಯೇ ನಿಶ್ಚಯ ಮಾಡಿಕೊಂಡಿದ್ದರಂತೆ. ಹೀಗಾಗಿ ನಮ್ಮ ಗ್ಯಾರೇಜಿನಲ್ಲಿ ಗೌರವ ಹೆಚ್ಚಿದಷ್ಟೂ ಸಾಮಾನು ಮೇಲಕ್ಕೆ ಹೋಗುತ್ತಿತ್ತು, ಗೌರವ ಹೆಚ್ಚುತ್ತಿದ್ದದ್ದು ತೂಕ ಹೆಚ್ಚಿದ ಹಾಗೆ. ನೆಲದ ಮೇಲೆ ಉಳಿದವರು ನಾವಿಬ್ಬರು ಮಾತ್ರ.

ಇವರೊಬ್ಬರನ್ನೇ ದೂರಿ ಏನು ಮಾಡಲಿ? ತಲೆಯ ಮೇಲೆ ಭಾರ ತೂಗಿಸಿಕೊಂಡು ನಿಶ್ಚಿಂತೆಯಾಗಿ ಇರುವುದು ನಮ್ಮ ಕರಾವಳಿಗೆಲ್ಲ ಬಂದ ವಿದ್ಯೆ. ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ನೇತುಹಾಕುತ್ತೇವೆ, ಅದರ ಕೆಳಗೇ ಮಣೆ ಹಾಕಿ ಊಟಕ್ಕೆ ಕೂರುತ್ತೇವೆ. ಅಟ್ಟದ ತುಂಬ ತೆಂಗಿನಕಾಯಿ ರಾಶಿ ಹಾಕಿ ಅದರ ಕೆಳಗೆ ತೊಟ್ಟಿಲು ಕಟ್ಟುತ್ತೇವೆ. ಮಾವಳ್ಳಿಯ ನನ್ನ ಅತ್ತಿಗೆಯ ಮನೆಯಲ್ಲಿ ಮದುವೆ ಅಡುಗೆಯ ಕೊಪ್ಪರಿಗೆ ಇರುವುದು ಬಾಣಂತಿ ಕೋಣೆಯ ನೆತ್ತಿಯ ಮೇಲೆ. ನೆಲ ಎಂದರೆ ನಮ್ಮಲ್ಲಿ ವರ್ಷದ ಅರ್ಧ ನೀರು, ಉಳಿದರ್ಧ ಒರಲೆ. ಕೆಳಗಿಟ್ಟದ್ದು ಕೊಳೆಯುತ್ತದೆ, ಮೇಲಿಟ್ಟದ್ದು ಉಳಿಯುತ್ತದೆ ಎಂದು ತಲೆತಲಾಂತರದಿಂದ ಕಲಿತ ಪಾಠ ಅದು. ಸೌತೆಕಾಯಿಗೂ ಗೇರ್‌ಬಾಕ್ಸಿಗೂ ಈ ಒಂದೇ ಪಾಠ ಸಾಲದು ಎಂದು ಹೇಳುವವರು ಬೇಕಲ್ಲ.

ಕಡಲು ಕಡೆದ ಕತೆಯನ್ನು ನಾನು ಶಾಲೆಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಬೆಟ್ಟವನ್ನು ಕಡೆಗೋಲು ಮಾಡಿದರು, ಹಾವನ್ನು ಹಗ್ಗ ಮಾಡಿದರು, ತಲೆ ಯಾರಿಗೆ ಬಾಲ ಯಾರಿಗೆ ಎಂದು ಬೇಕಾದಷ್ಟು ಜಗಳವಾಡಿದರು. ಬೆಟ್ಟದ ಬುಡಕ್ಕೆ ಏನು ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಬೆಟ್ಟ ಮುಳುಗತೊಡಗಿದ ಮೇಲೆ ಆಮೆಯನ್ನು ಕರೆಯಬೇಕಾಯಿತು. ದಿನವೂ ಮಜ್ಜಿಗೆ ಕಡೆಯುವವಳು ಒಬ್ಬಳು ಆ ದಂಡೆಯಲ್ಲಿ ಇದ್ದಿದ್ದರೆ, ಮೊದಲು ಗಡಿಗೆಯ ಅಡಿಗೆ ಸಿಂಬಿ ಇಡಿ, ಜಗಳ ಆಮೇಲೆ ಎನ್ನುತ್ತಿದ್ದಳು. ಈ ಮಾತನ್ನು ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಮನೆಯಲ್ಲಿ ಹೇಳಿದರೆ, "ಅಕ್ಕೋರು ಶುರು ಮಾಡಿದ್ರು" ಎಂದು ಇವರು ಚಾಪೆ ಹುಡುಕುತ್ತಾರೆ.

ನಾನು ಕೈಕಟ್ಟಿ ಕೂತವಳಲ್ಲ. ಮಾಂಡಣಿಯನ್ನು ಗೋಡೆಗೆ ಬಿಗಿಯಬೇಕೆಂದು ಹೊರಟೆ. ನಮ್ಮ ಚಿರೇಕಲ್ಲಿನ ಗೋಡೆಗೆ ಮೊಳೆ ಹೊಡೆದರೆ ಕೆಂಪು ಪುಡಿ ಉದುರುತ್ತದೆ, ಮೊಳೆ ನಾಲ್ಕು ದಿನ ನಿಂತು ತಾನೇ ಕೈಗೆ ಬರುತ್ತದೆ. ಆಮೇಲೆ ತೆಂಗಿನ ನಾರಿನ ಹಗ್ಗ ತಂದು ಮಾಂಡಣಿಯ ಮೇಲಿನ ಎರಡು ಮೂಲೆಗಳನ್ನು ಕಿಟಕಿಯ ಸರಳಿಗೆ ಬಿಗಿದೆ. ಇವರು ಅದರ ಮೇಲೆ ಎಣ್ಣೆ ಒರೆಸಿದ ಚಿಂದಿ ಒಣಹಾಕಿದರು. ಅಷ್ಟು ಸಾಲದೆಂಬಂತೆ ಒಂದು ದಿನ ಹಗ್ಗವನ್ನೇ ಬಿಚ್ಚಿ ಯಾವುದೋ ಲಾರಿಗೆ ಕಟ್ಟಿಕೊಟ್ಟರು. ಕೊನೆಗೆ ಶಾಲೆಯಿಂದ ಒಂದು ಸುಣ್ಣದ ಕಡ್ಡಿ ತಂದು, ಹಲಗೆಯ ಅಂಚಿಗೆ ಸರಿಯಾಗಿ ಹಿಂದಿನ ಗೋಡೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದೆ. ಕೆಲವು ತಿಂಗಳಲ್ಲಿ ಎರಡು ತುದಿಗಳಲ್ಲಿ ಹಲಗೆ ಗೆರೆಗೆ ತಾಗಿಕೊಂಡೇ ಇತ್ತು, ನಡುವೆ ಮಾತ್ರ ಎರಡು ಬೆರಳು ತೂರುವಷ್ಟು ಇಳಿದಿತ್ತು. ಇವರನ್ನು ಕರೆದು ತೋರಿಸಿದೆ. ಅಷ್ಟು ಭಾರ ಇಡಲೇಬೇಕು ಎಂದಾದರೆ ನಡುವೆ ಬೇಡ, ಕಾಲುಗಳ ಹತ್ತಿರ ಇಡಿ ಎಂದೆ. ಇವರು ಬಹಳ ಹೊತ್ತು ನೋಡಿ, "ಗೆರೆ ಸೊಟ್ಟ ಎಳ್ದಿದ್ದೀ" ಎಂದರು.

ಇನ್ನೊಂದು ವಾದ ಇತ್ತು ಇವರದು. "ಬೀಳೂದಾದ್ರೆ ಇಷ್ಟೊತ್ತಿಗೆ ಬೀಳ್ತಿತ್ತು." ಈ ವಾಕ್ಯದ ಬಗ್ಗೆ ನಾನು ತುಂಬ ದಿನ ಆಲೋಚಿಸಿದ್ದೇನೆ. ಕೇಳುವುದಕ್ಕೆ ಎಷ್ಟು ಸಮಾಧಾನ ಇದೆ ಇದರಲ್ಲಿ. ನಮ್ಮ ಸಂಸಾರಗಳು, ಶಾಲೆಯ ಮಾಡು, ತಾರಿಯ ದೋಣಿ ಎಲ್ಲವೂ ಈ ವಾಕ್ಯದ ಮೇಲೇ ನಡೆಯುತ್ತಿವೆ. ನಿನ್ನೆಯವರೆಗೆ ಬೀಳದೆ ಇದ್ದದ್ದು ಎಂಬುದೇ ಅವುಗಳ ಯೋಗ್ಯತಾಪತ್ರ. ಆದರೆ ಬಿದ್ದ ಎಲ್ಲ ವಸ್ತುಗಳೂ ಬೀಳುವ ಹಿಂದಿನ ದಿನದವರೆಗೆ ಬೀಳದೆ ನಿಂತವುಗಳೇ. ಇದನ್ನೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಎಂದು ಬರೆಯಲು ಕೈ ಬರುವುದಿಲ್ಲ, ಗಂಡನ ವಿಷಯ. ಆದರೆ ಕಿನ್ನರಿ ಬಾರಿಸಿ ಬಾರಿಸಿ ನನ್ನ ಕೈ ಸೋತದ್ದಂತೂ ನಿಜ. ದಿನವಿಡೀ ಶಾಲೆಯಲ್ಲಿ ಕೂಗಿ ಮನೆಗೆ ಬಂದು ಮತ್ತೆ ಕೂಗಲು ಯಾರಿಗೆ ತ್ರಾಣ ಇರುತ್ತದೆ? ರಜೆಯ ದಿನಗಳಲ್ಲಿ ಇವರು ಮಲಗಿದ ಹೊತ್ತಿಗೆ ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದೆ, ಕಣ್ಣು ಅಕ್ಕಿಯ ಮೇಲೆ, ಕಿವಿ ಹಲಗೆಯ ಮೇಲೆ. ನಾನು ಇಲ್ಲದ ದಿನ ಅದು ಬಿದ್ದರೆ ಎಂಬ ಯೋಚನೆ ಪಾಠದ ನಡುವೆ ಬಂದು ಮಗ್ಗಿ ತಪ್ಪುತ್ತಿತ್ತು.

ಹಾಗೆ ಇರುವಾಗ ಒಂದು ವರ್ಷದ ನವರಾತ್ರಿ ಬಂತು. ಮಳೆ ಮುಗಿದು ದೋಣಿಗಳು ಕಡಲಿಗೆ ಇಳಿಯುವ ಕಾಲ. ಇವರಿಗೆ ಮೂರು ವಾರದಿಂದ ಸರಿಯಾಗಿ ಊಟ ನಿದ್ದೆ ಇಲ್ಲ. ಕಾಸರಕೋಡಿನಲ್ಲಿ ಮೀನಿನ ದೋಣಿ ನಡೆಸುವ ಪುತ್ತು ತಾಂಡೇಲ ತನ್ನ ದೋಣಿಯ ಎಂಜಿನ್ನು ಬಿಚ್ಚಿಸಿ ಕ್ರ್ಯಾಂಕ್ ಶಾಫ್ಟನ್ನು ತಂದು ಹಾಕಿದ್ದ. ಎಂಜಿನ್ನಿನ ಬೆನ್ನೆಲುಬು ಅದು. ಒಂದು ಆಳು ಎತ್ತಬೇಕಾದರೆ ಉಸಿರು ಕಟ್ಟಬೇಕು. ದುರಸ್ತಿ ಮುಗಿದಿತ್ತು, ದಶಮಿಯ ದಿನ ಒಯ್ದು ಜೋಡಿಸುವುದೆಂದು ಮಾತಾಗಿತ್ತು. ಅದು ಬಾಗಿದರೆ ಅಥವಾ ಬಿರುಕು ಬಿಟ್ಟರೆ ಪುತ್ತುವಿಗೆ ಆ ಹಂಗಾಮು ಹೋದ ಹಾಗೆ.

ಆಯುಧಪೂಜೆಗೆ ಇವರು ಗ್ಯಾರೇಜು ತೊಳೆದು, ಇದ್ದಬದ್ದ ಸಾಮಾನನ್ನೆಲ್ಲ ಮಾಂಡಣಿಗೆ ಏರಿಸಿದರು. ಉಳಿದ ದಿನಗಳಲ್ಲಿ ಮೂಲೆಯಲ್ಲಿ ಒರಗಿರುತ್ತಿದ್ದ ಜಾಕು, ಸುತ್ತಿಗೆ, ನಟ್ಟು ತಿರುಗಿಸುವ ಪಾನಾಗಳು, ಸಬ್ಬಲು, ಸರಪಳಿ ಎಲ್ಲಕ್ಕೂ ಅಂದು ಮೇಲೆಯೇ ಜಾಗ. ನಟ್ಟನಡುವೆ ಪುತ್ತುವಿನ ಶಾಫ್ಟು. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಗೊಂಡೆ ಹೂವಿನ ಮಾಲೆ, ಕುಂಕುಮ. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ದಶಮಿಯ ಪೂಜೆ ಆಗುವ ತನಕ ಮುಟ್ಟಬಾರದು. ಅವುಗಳಿಗೆ ಅಂದು ರಜೆ. ನನ್ನ ತರಕಾರಿ ಹೆಚ್ಚುವ ಮೆಟ್ಟುಗತ್ತಿಗೂ ಒಂದು ಬೊಟ್ಟು ಕುಂಕುಮ ಬಿತ್ತು, ಆದರೆ ಹಬ್ಬದಡುಗೆ ಎಲ್ಲ ಮುಗಿದ ಮೇಲೆ. ಹೆಂಗಸರ ಆಯುಧಗಳಿಗೆ ಪೂಜೆ ಇದೆ, ರಜೆ ಇಲ್ಲ.

ಮಂಗಳಾರತಿ ಆಯಿತು, ಊಟ ಆಯಿತು. ಪ್ರಸಾದಕ್ಕೆಂದು ಪುತ್ತುವೂ ಬಂದಿದ್ದ. ನಾನು ಅವನಿಗೆ ಗ್ಯಾರೇಜಿನ ಬಾಗಿಲಲ್ಲಿ ಪಾಯಸ ಕೊಟ್ಟು ತಿರುಗಿ ನೋಡಿದರೆ, ಇವರು ಎಂದಿನಂತೆ ಚಾಪೆ ಹಾಸಿ ತಲೆಯನ್ನು ಮಾಂಡಣಿಯ ಒಳಗೆ ತೂರಿಸಿ ಆಗಲೇ ಕಣ್ಣು ಮುಚ್ಚಿದ್ದರು. ಮೇಲೆ ಹಲಗೆ ನನ್ನ ಸುಣ್ಣದ ಗೆರೆಯಿಂದ ಗೇಣಿನಷ್ಟು ಕೆಳಗಿತ್ತು. ನೋಡುತ್ತಿದ್ದ ಹಾಗೆ, ಒಣ ಕೊಂಬೆ ಮುರಿದಂತೆ ಒಂದು ಸಣ್ಣ ಸದ್ದಾಯಿತು. ಮುಂದಿನ ಒಂದು ಪಾದ ನೆಲದಲ್ಲಿ ಕುಸಿದು ಹಿಟ್ಟಾಗುತ್ತಿತ್ತು.

"ಏಳಿ" ಎಂದೆ.

"ಎಂತ ಆತು?" ಕಣ್ಣು ತೆರೆಯದೆ ಕೇಳಿದರು.

"ಹಲಗೆ ಸೀಳ್ತಿದ್ದು. ಆ ಶಾಫ್ಟು ಇಳಿಸ್ತೀರೋ ಇಲ್ವೋ?"

"ಇವತ್ತು ಮುಟ್ಟೂಕೆ ಇಲ್ಲ. ನಾಳೆ ನೋಡ್ವ. ಇವತ್ತು ಒಂದಿನ ಮಲಗೂಕೆ ಬಿಡು ಮಾರಾಯ್ತಿ. ಮೈಯೆಲ್ಲಾ ನುಗ್ಗಾಗಿದ್ದು."

ಆ ದನಿ ವಾದ ಮಾಡುವ ದನಿ ಆಗಿರಲಿಲ್ಲ. ಸಾಕಾದ ಮನುಷ್ಯನ ದನಿ. ತಲೆಯ ಮೇಲೆ ಸಾವು ತೂಗುತ್ತಿದೆ ಎಂದರೂ, ಅದಕ್ಕೂ ಸ್ವಲ್ಪ ಆಮೇಲೆ ಬಾ ಎನ್ನುವಷ್ಟು ದಣಿದಿದ್ದರು. ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ತೋಳು ಹಿಡಿದು ಎಳೆದೆ, ಅಲುಗಲಿಲ್ಲ. ಎಳೆದಷ್ಟೂ ಇವರ ಭುಜ ಮಾಂಡಣಿಯ ಕಾಲಿಗೆ ತಾಗುತ್ತಿತ್ತು. ಬಿಟ್ಟುಬಿಟ್ಟೆ. ನಾನೇ ಇಳಿಸುತ್ತೇನೆ ಎಂದು ಶಾಫ್ಟಿಗೆ ಕೈ ಚಾಚಿದರೆ ಬಾಗಿಲಿಂದ ಪುತ್ತು, "ನಾಕಾ ಬಾಯೆ, ನಾಕಾ" ಎಂದು ಹತ್ತಿರ ಬಂದ. ಬೇಡ ತಾಯಿ, ಬೇಡ ಎನ್ನುತ್ತಿದ್ದ. "ಪೂಜೆ ಮುರಿದ ಶಾಫ್ಟು ದೋಣಿಗೆ ಹಾಕಿ ನಾ ಕಡಲಿಗೆ ಹೋಗೂದು ಹೆಂಗೆ?"

"ಬಿದ್ದು ಮುರಿದ ಶಾಫ್ಟು ಹಾಕಿ ಹೋಗ್ತೀಯಾ?"

ಅವನು ಹಲಗೆಯನ್ನು ನೋಡಿದ, ಇವರ ತಲೆಯನ್ನು ನೋಡಿದ, ಮಾಲೆಯನ್ನು ನೋಡಿದ. "ಜಾಕು ಕೊಟ್ಟು ಎತ್ತಿ ನಿಲ್ಸೂಕೆ ಬರ್ತಿತ್ತು" ಎಂದ. ಜಾಕು ಅದೇ ಹಲಗೆಯ ಮೇಲೆ ಹೂ ಮುಡಿದು ಕೂತಿತ್ತು. ಅದಕ್ಕೂ ರಜೆ. ಇಡೀ ಗ್ಯಾರೇಜಿನಲ್ಲಿ ಕೆಲಸಕ್ಕೆ ಬರುವ ಒಂದೇ ಒಂದು ಉಪಕರಣವೂ ನೆಲದ ಮೇಲೆ ಇರಲಿಲ್ಲ.

ನಾನು ಮನೆಯೊಳಗೆ ಓಡಿದೆ. ಏನು ತರಲು ಎಂದು ನನಗೇ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ಬಾಗಿಲ ಹಿಂದೆ ನಿಂತಿದ್ದ ಒನಕೆ. ಊರಿಗೆ ಅಕ್ಕಿ ಗಿರಣಿ ಬಂದ ಮೇಲೆ ಅದಕ್ಕೆ ಹೆಚ್ಚು ಕೆಲಸ ಇರಲಿಲ್ಲ. ಅದೊಂದು ಆಯುಧ ಎಂದು ಯಾರ ಮನಸ್ಸಿಗೂ ಹೊಳೆದಿರದ ಕಾರಣ ಅದಕ್ಕೆ ಕುಂಕುಮ ಬಿದ್ದಿರಲಿಲ್ಲ, ರಜೆಯೂ ಸಿಕ್ಕಿರಲಿಲ್ಲ. ಅದನ್ನೂ ಒಂದು ಊಟದ ಮಣೆಯನ್ನೂ ಹೊತ್ತು ತಂದೆ. ಇವರ ಕಿವಿಯ ಪಕ್ಕದಲ್ಲಿ ಮಣೆ ಇಟ್ಟು, ಅದರ ಮೇಲೆ ಒನಕೆಯನ್ನು ಓರೆಯಾಗಿ ನಿಲ್ಲಿಸಿ, ಹಲಗೆಯ ನಡುವಿಗೆ ಸರಿಯಾಗಿ ತಲೆ ತಾಗಿಸಿ, ಬುಡವನ್ನು ಅಂಗೈಯಿಂದ ಗುದ್ದಿ ಗುದ್ದಿ ನೆಟ್ಟಗೆ ತಂದೆ. ಪುತ್ತು ಪೂಜೆಯ ಯಾವುದನ್ನೂ ಮುಟ್ಟದೆ, ಮಾಂಡಣಿಯ ಕಾಲನ್ನಷ್ಟೇ ಎರಡೂ ಕೈಯಲ್ಲಿ ಹಿಡಿದು ನಿಂತ. ಕುಸಿದ ಪಾದದ ಅಡಿಗೆ ತೆಂಗಿನ ಮಟ್ಟೆಯ ಒಂದು ಚೂರು ತುರುಕಿದ. ಹಲಗೆ ಒಂದು ಬೆರಳಿನಷ್ಟು ಮೇಲೆ ಹೋಗಿ, ನರಳಿ, ನಿಂತಿತು.

ಇವರು ಒಂದು ಕಣ್ಣು ತೆರೆದು ಮೂಗಿನ ಪಕ್ಕದಲ್ಲಿ ನಿಂತ ಒನಕೆಯನ್ನು ನೋಡಿದರು. "ಇದೆಂತಾ?"

"ಕಂಬ" ಎಂದೆ.

"ತಲೆ ಹೊರಳಿಸೂಕೆ ಆಗೂದಿಲ್ಲ ಇಲ್ಲಿ."

"ಬೇರೆ ಕಡೆ ಹೊರಳಿಸಿ."

ಎದ್ದರು. ಚಾಪೆ ಎಳೆದುಕೊಂಡು ಜಗಲಿಗೆ ಹೋಗಿ ಮಲಗಿದರು. ವರ್ಷಗಟ್ಟಲೆ ಮಾತಿಗೆ ಏಳದವರು ಒಂದು ಅಡಚಣೆಗೆ ಎದ್ದರು. ಮನುಷ್ಯನಿಗೆ ಅಪಾಯ ತೋರಿಸಿದರೆ ಕದಲುವುದಿಲ್ಲ, ಅನಾನುಕೂಲ ಮಾಡಿಕೊಟ್ಟರೆ ತಾನೇ ಜಾಗ ಖಾಲಿ ಮಾಡುತ್ತಾನೆ ಎಂಬ ತತ್ವ ಮೊದಲೇ ಹೊಳೆದಿದ್ದರೆ ಒಂದು ಸುಣ್ಣದ ಕಡ್ಡಿಯಾದರೂ ಉಳಿಯುತ್ತಿತ್ತು. ಪುತ್ತು ತಣ್ಣಗಾದ ಪಾಯಸ ಕುಡಿದು ದೋಣಿ ಹತ್ತಿದ. ನಾನು ಒನಕೆಯ ಎದುರು ಕೂತು ಅತ್ತೆ.

ಮರುದಿನ ಬೆಳಿಗ್ಗೆ ದಶಮಿಯ ಪೂಜೆ ಆಯಿತು. ಇವರು ಹೂವು ತೆಗೆದು, ಪಾನಾ, ಸುತ್ತಿಗೆ, ಜಾಕು ಎಲ್ಲ ಇಳಿಸಿದರು. ಕೊನೆಗೆ ಶಾಫ್ಟಿನ ಎರಡು ತುದಿಗಳನ್ನೂ ಎಂದಿನಂತೆ ಹಿಡಿದು, ಕಾಲು ಅಗಲಿಸಿ, ಉಸಿರು ಕಟ್ಟಿದರು. ಅದು ಹಲಗೆಯಿಂದ ಸ್ವಲ್ಪ ಎದ್ದು ಮತ್ತೆ ಕೂತಿತು. ಇನ್ನೊಮ್ಮೆ ಎತ್ತಿದರು. ಈ ಸಲ ಅಷ್ಟೂ ಏಳಲಿಲ್ಲ. ಕೈಯನ್ನು ಅದರ ಮೇಲೇ ಬಿಟ್ಟು, ನನ್ನ ಕಡೆ ತಿರುಗದೆ, "ಎಣ್ಣೆ ಕೈ, ಜಾರ್ತದೆ" ಎಂದರು.

ಕೈಯಲ್ಲಿ ಎಣ್ಣೆ ಇರಲಿಲ್ಲ. ಹಿಂದಿನ ದಿನವಿಡೀ ಎಣ್ಣೆ ಮುಟ್ಟುವ ಕೆಲಸವೇ ಇರಲಿಲ್ಲ, ಆಗಷ್ಟೇ ಪೂಜೆ ಮಾಡಿ ಬಂದ ಕೈ, ಬೆರಳ ಸಂದಿಯಲ್ಲಿ ಗಂಧ ಇತ್ತು. ನನಗೆ ಅದು ಕಂಡದ್ದು ಇವರಿಗೂ ಗೊತ್ತಾಯಿತು. ನಾನು ಹೋಗಿ ಒಂದು ತುದಿ ಹಿಡಿದೆ. ನೀನು ಬೇಡ, ಬಿಡು ಎಂದು ಇವರು ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಇಬ್ಬರೂ ಸೇರಿ ಅದನ್ನು ಇಳಿಸಿ, ಕೆಳಗೆ ಒಂದು ಹಲಗೆಯ ತುಂಡಿನ ಮೇಲೆ, ಉರುಳದ ಹಾಗೆ ಎರಡು ಬದಿಗೂ ಕಲ್ಲು ಕೊಟ್ಟು ಮಲಗಿಸಿದೆವು. ಆಮೇಲೆ ಇಬ್ಬರೂ ಅಲ್ಲೇ ನೆಲದಲ್ಲಿ ಕೂತೆವು. ಏಳಲು ಇಬ್ಬರಿಗೂ ಆಗಲಿಲ್ಲ.

ಇವರು ಅಂದರು, "ಮೇಲೆ ಎಂತಕೆ ಇಡ್ತಿದ್ದೆ ಅಂದ್ರೆ, ಬರೀ ಕಾಲಿಗೆ ತಾಗ್ತದೆ ಅಂತ ಅಲ್ಲ. ಬೆಳಿಗ್ಗೆ ಒಂದ್ ಸಲ ಎತ್ತಿ ಇಳ್ಸಿ ನೋಡೂದು. ಎತ್ತೂಕೆ ಬಂದ್ರೆ, ಹಂ, ಇವತ್ತು ಆತು, ನಾ ಇನ್ನೂ ಗಟ್ಟಿ ಇದ್ದೆ ಅಂತ."

"ಹೇಳ್ಬೇಕಿತ್ತು" ಎಂದೆ.

"ಹೇಳೂದೆಂತ. ಇನ್ನು ಕೆಳಗೇ ಇರ್ಲಿ."

ಇಷ್ಟು ವರ್ಷ ನಾನು ಬೇಡಿದ್ದು ಈ ಮೂರು ಮಾತನ್ನು. ಸಿಕ್ಕಿದಾಗ ಸಂತೋಷ ಆಗಲಿಲ್ಲ. ಸಂಕಟ ಆಯಿತು. ಬೀಳುವ ಹಲಗೆಯನ್ನು ಕಾಯುತ್ತ ಕೂತವಳಿಗೆ, ಅದರ ಕೆಳಗೆ ಇನ್ನೇನೋ ದಿನದಿನವೂ ಸ್ವಲ್ಪ ಸ್ವಲ್ಪ ಬಾಗುತ್ತಿತ್ತು ಎಂದು ಕಂಡಿರಲಿಲ್ಲ. ಇನ್ನೊಂದು ಸಲ, ಒಂದೇ ಒಂದು ಸಲ ಇವರು ಅದನ್ನು ಒಬ್ಬರೇ ಎತ್ತುವುದನ್ನು ನೋಡಲಿಕ್ಕೆ ನಾನು ಆ ಮಾಂಡಣಿಯನ್ನು ಗ್ಯಾರೇಜಿಗೇ ಬರೆದುಕೊಡುತ್ತಿದ್ದೆ. ನಾನು ಹೇಳಿದ ತರ್ಕ, ಎಳೆದ ಗೆರೆ, ಹೆದರಿಕೆ, ಅಳು ಯಾವುದೂ ಒಂದು ಪಾನಾವನ್ನೂ ಕೆಳಗೆ ಇಳಿಸಲಿಲ್ಲ. ದಣಿವು ಬಂದು ಎಲ್ಲವನ್ನೂ ಇಳಿಸಿತು. ದಣಿವನ್ನು ನಾವು ಸುಮ್ಮನೆ ಬೈಯುತ್ತೇವೆ. ಯಾರ ಮಾತೂ ಕೇಳದವರು ಕಡೆಗೆ ಕೇಳುವುದು ಅದರ ಮಾತನ್ನೇ.

ಏಳುವಾಗ ಇವರ ಕಾಲು ಶಾಫ್ಟಿಗೆ ತಾಗಿತು. ಇವರು ಬಗ್ಗಿ, ಕಬ್ಬಿಣವನ್ನು ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಕಬ್ಬಿಣ ಏನೂ ಹೇಳಲಿಲ್ಲ. ಅದನ್ನು ಆ ಸಂಜೆಯೇ ಪುತ್ತು ದೋಣಿಗೆ ಒಯ್ದ. ಆಮೇಲೆ ಬಂದ ಭಾರಗಳೆಲ್ಲ ನೆಲದಲ್ಲೇ, ಹಲಗೆಯ ತುಂಡುಗಳ ಮೇಲೆ ಕೂತಿವೆ. ಓಡಾಡುವಾಗ ಇವರ ಕಾಲು ತಾಗುತ್ತದೆ, ಬಗ್ಗುತ್ತಾರೆ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಮುಂದೆ ಹೋಗುತ್ತಾರೆ. ದಿನಕ್ಕೆ ಎಷ್ಟು ಸಲವೋ. ಸೊಂಟ ನೋಯುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಹೊತ್ತುಕೊಳ್ಳುವುದಕ್ಕಿಂತ ಕ್ಷಮೆ ಕೇಳುವುದೇ ಹಗುರವಂತೆ.